ನೀರುಬಿಲ್ಲೆ ಕೇಳುವ ಬಗೆ

ಆ ಊರು ಎಲ್ಲಿದೆ ಎಂದು ಕೇಳಿದರೆ ದಾರಿ ಹೇಳುವವರು ಸಿಗುವುದಿಲ್ಲ. ಅಲ್ಲಿಂದ ಬಂದೆವು ಎನ್ನುವವರು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರು ಹೇಳುವುದನ್ನೆಲ್ಲ ಕೂಡಿಸಿದರೆ ಕಥೆ ಹೀಗಿದೆ.

ಊರಿನ ನಡುವೆ ಒಂದು ಕೊಳ. ನಾಲ್ಕು ಕಡೆಯಿಂದಲೂ ಮೆಟ್ಟಿಲು, ಗಾಳಿ ಬೀಸಿದರೂ ಅಲುಗದ ನೀರು. ನೀರಿನಲ್ಲಿ ಮುಖ ಕಾಣುವುದೇನೂ ದೊಡ್ಡ ಸಂಗತಿಯಲ್ಲ, ಎಲ್ಲ ಊರಿನ ಕೊಳದಲ್ಲೂ ಕಾಣುತ್ತದೆ. ಇಲ್ಲಿ ಅದರ ಜೊತೆಗೆ ಇನ್ನೊಂದೂ ಕಾಣುತ್ತಿತ್ತು. ಕೆಲಸ ಬಲ್ಲವರು ಮೆಟ್ಟಿಲ ಮೇಲೆ ನಿಂತರೆ, ನೀರೊಳಗಿನ ಅವರ ನೆರಳಿನ ಎದೆಯ ಮೇಲೆ ಬೆಳಕಿನ ಬಿಲ್ಲೆಯೊಂದು ಹೊಳೆಯುತ್ತಿತ್ತು. ಮೇಲೆ ನಿಂತ ಮೈಯಲ್ಲಿ ಏನೂ ಇಲ್ಲ, ಕೆಳಗಿನ ಮೈಯಲ್ಲಿ ಎಲ್ಲ ಇದೆ. ಊರವರು ಅದನ್ನು ನೀರುಬಿಲ್ಲೆ ಎನ್ನುತ್ತಿದ್ದರು. ಅದನ್ನು ಕದಿಯುವಂತಿಲ್ಲ, ಒತ್ತೆ ಇಡುವಂತಿಲ್ಲ, ಮಗಳ ಮದುವೆಗೆ ಬಳುವಳಿ ಕೊಡುವಂತಿಲ್ಲ. ಕೈ ಹಾಕಿದರೆ ಕೈ ಒದ್ದೆಯಾಗುತ್ತದೆ, ಅಷ್ಟೆ.

ಅಂಥ ಕೈಗೆ ಸಿಗದ ವಸ್ತುವಿನ ಮೇಲೆಯೇ ಊರಿನ ಕಟ್ಟಳೆಯೆಲ್ಲ ನಿಂತಿತ್ತು. ಯಾರಿಗೇ ಆಗಲಿ ಕೆಲಸ ಒಪ್ಪಿಸುವ ಮುನ್ನ ಅವರನ್ನು ಕೊಳದ ಬಳಿ ಕರೆದುಕೊಂಡು ಹೋಗಬೇಕು, ನಿಲ್ಲಿಸಬೇಕು, ಬಗ್ಗಿ ನೀರು ನೋಡಬೇಕು. ಬಿಲ್ಲೆ ಕಂಡರೆ ವೀಳ್ಯ ಕೊಡಬೇಕು, ಕಾಣದಿದ್ದರೆ ಕೈಮುಗಿದು ಕಳಿಸಬೇಕು. ಹಾಗೆ ಕಳಿಸಿಕೊಂಡವರನ್ನು ಬರಿನೆರಳಿನವರು ಎನ್ನುತ್ತಿದ್ದರು. ಬರಿನೆರಳಿನವರು ದುಡಿಯಲೇಬಾರದು ಎಂದೇನೂ ಇರಲಿಲ್ಲ, ಊರು ಅಷ್ಟು ದಡ್ಡ ಅಲ್ಲ. ಧಾರಾಳವಾಗಿ ದುಡಿಯಬಹುದು, ಬಿಲ್ಲೆಯುಳ್ಳ ಇನ್ನೊಬ್ಬರ ಹೆಸರಿನಲ್ಲಿ.

ಬಿಲ್ಲೆ ಕೊಡಿಸುತ್ತಿದ್ದವನು ಕೊಳದ ಹಳೆಯ ಕಾವಲಿನವ. ಮುಂಬೀದಿಯಲ್ಲಿದ್ದ ತನ್ನ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದ. ಎದುರಿಗೆ ಹಾದುಹೋಗುವವರ ಕೈಕೆಲಸ ಕಣ್ಣಿಗೆ ಬಿದ್ದು ಮನಸ್ಸಿಗೆ ಹಿಡಿಸಿದರೆ, ಸಂಜೆ ಕೊಳಕ್ಕೆ ಹೋಗಿ ನೀರಿಗೆ ಅವರ ಹೆಸರು ಹೇಳುತ್ತಿದ್ದ. ಮನುಷ್ಯ ಒಳ್ಳೆಯವನೇ. ಆದರೆ ಜಗಲಿಯಿಂದ ಅವನ ಕಣ್ಣು ಎಲ್ಲಿಯವರೆಗೆ ಹೋಗುತ್ತಿತ್ತೋ ಊರಿನ ವಿದ್ಯೆಯೂ ಅಲ್ಲಿಯವರೆಗೇ ಹೋಗುತ್ತಿತ್ತು. ಹಿಂಬೀದಿಯಲ್ಲಿ ಹುಟ್ಟಿದವರು ಹಿಂಬೀದಿಯಲ್ಲೇ ದುಡಿದು ಬರಿನೆರಳಿನವರಾಗಿಯೇ ಕಣ್ಣು ಮುಚ್ಚುತ್ತಿದ್ದರು. ಕೊನೆಕೊನೆಗೆ ಅವನ ಕಣ್ಣು ಮಂಜಾದ ಮೇಲಂತೂ ಕುಂಬಾರನಿಗೆ ಹಾಡಿಕೆಯ ಬಿಲ್ಲೆ ಬಂತು, ಹಾಡುವವಳಿಗೆ ಎತ್ತಿಗೆ ಲಾಳ ಕಟ್ಟುವ ಬಿಲ್ಲೆ ಬಂತು. ಹಾಡುವವಳು ಮೂಲೆ ಹಿಡಿದು ಅತ್ತಳು. ಕುಂಬಾರ ಮಾತ್ರ ಬಿಲ್ಲೆಗೆ ಮರ್ಯಾದೆ ಕೊಡಬೇಕೆಂದು ಹಾಡಲು ಶುರುಮಾಡಿದ, ಊರಿಗೆ ಅದು ಇನ್ನೂ ಕಷ್ಟವಾಯಿತು.

ಕಣ್ಣು ಹೋದ ಕಾಲದಲ್ಲಿ ಅವನ ಕೈಹಿಡಿದು ಕೊಳಕ್ಕೆ ನಡೆಸುತ್ತಿದ್ದವಳು ಹಿಂಬೀದಿಯ ಒಬ್ಬ ಹೆಂಗಸು. ಸಾಯುವ ಮುನ್ನ ಅವನು ತನ್ನ ಕೋಲನ್ನು ಅವಳ ಕೈಗೇ ಕೊಟ್ಟ. ಹೀಗೆ ಅವಳು ಕೊಳ ಕಾಯುವವಳಾದಳು. ಊರ ಯಜಮಾನರು ಅವಳನ್ನು ಚಾವಡಿಗೆ ಕರೆಸಿದರು.

"ನೋಡಮ್ಮ," ಎಂದರು ದೊಡ್ಡ ಯಜಮಾನರು, "ಒಬ್ಬರ ಕಣ್ಣಿಗೆ ಬಿದ್ದವರಿಗೆ ಬಿಲ್ಲೆ ಅನ್ನೋದು ಇನ್ನು ಸಾಕು. ಬೇಕಾದವರು ತಾವೇ ಬಂದು ಕೇಳಲಿ. ಯಾರು ಬರಬೇಕು, ಎಲ್ಲಿ ಕೂರಬೇಕು, ಏನು ಹೇಳಬೇಕು, ಎಲ್ಲಕ್ಕೂ ಒಂದು ಬಗೆ ಕಟ್ಟು. ಮಳೆ ಬರೋದರೊಳಗೆ ದೊಡ್ಡ ಒಲೆ ಬೇರೆ ಹಾಕಿಸಬೇಕು. ಅದನ್ನ ಯಾರ ಕೈಗೆ ಕೊಡೋದು ಅಂತ ನಮಗೂ ಗೊತ್ತಾಗಲಿ."

ದೊಡ್ಡ ಒಲೆ ಎಂದಾಗ ಕೊಳ ಕಾಯುವವಳು ತಟ್ಟನೆ ತಲೆಯೆತ್ತಿದಳು. ಚಾವಡಿಯ ಹಿಂದಿನ ಆ ಒಲೆಯಿಂದಲೇ ಊರಿನ ಮನೆಮನೆಗೂ ಬೆಳಗಿನ ಕೆಂಡ ಹೋಗುತ್ತದೆ. ತಲೆಮಾರಿಗೊಮ್ಮೆ ಅದನ್ನು ಒಡೆದು ಹೊಸದಾಗಿ ಹಾಕುತ್ತಾರೆ. ಅವಳನ್ನು ಸಾಕಿ ಬೆಳೆಸಿದ ಅಕ್ಕ ಒಲೆ ಹಾಕುವವಳು. ಮುಂಬೀದಿಯ ಅಡುಗೆಮನೆಗಳಲ್ಲಿ ಉರಿಯುತ್ತಿದ್ದ ಒಲೆಗಳನ್ನೆಲ್ಲ ಹಾಕಿದ್ದು ಅವಳೇ. ಹೆಸರು ಮಾತ್ರ ಬಿಲ್ಲೆಯಿದ್ದ ಒಬ್ಬ ಮುದುಕನದು. ಅಕ್ಕ ಮಣ್ಣು ತುಳಿಯುತ್ತಿದ್ದಳು, ಮುದುಕ ಮಣೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಈಗ ಮುದುಕ ಇಲ್ಲ. ಅಕ್ಕನ ಮೊಣಕಾಲಿನಲ್ಲಿ ಇನ್ನೊಂದು ತಲೆಮಾರಿಗೆ ಕಾಯುವ ಶಕ್ತಿಯೂ ಇಲ್ಲ. ದೊಡ್ಡ ಒಲೆಯನ್ನು ತನ್ನ ಹೆಸರಿನಲ್ಲಿ ಹಾಕಬೇಕು ಎಂದು ಅವಳು ಯಾವತ್ತೂ ಹೇಳಿದ್ದಿಲ್ಲ. ಆದರೆ ಚಾವಡಿಯ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಇಣುಕಿ, ಹೊಗೆ ಯಾವ ಕಡೆ ತಿರುಗಿದೆ ಎಂದು ನೋಡುತ್ತಿದ್ದಳು. ಅಷ್ಟನ್ನು ನೋಡಿದರೆ ತಂಗಿಗೆ ಗೊತ್ತಾಗುವುದಿಲ್ಲವೇ?

ಕೊಳ ಕಾಯುವವಳು ಬಗೆ ಕಟ್ಟಿದಳು. ಬಿಲ್ಲೆ ಬೇಕೆಂದವರು ಯಾವ ಬೀದಿಯವರಾದರೂ ಸರಿ, ತಮ್ಮ ಕಾಲಿನಲ್ಲೇ ಮೆಟ್ಟಿಲಿಳಿದು ಬರಬೇಕು. ಕೈಕಾಲು ತೊಳೆಯಬೇಕು. ಕೊನೆಯ ಮೆಟ್ಟಿಲ ಮೇಲಿನ ಕಲ್ಲುಪೀಠದಲ್ಲಿ ಕೂರಬೇಕು. ಒಂದು ಹರಳು ನೀರಿಗೆ ಹಾಕಿ, ಅಲೆ ತಣಿಯುವವರೆಗೆ ಸುಮ್ಮನಿರಬೇಕು. ಅಲೆ ತಣಿದ ಮೇಲೆ ಅವಳು ಕೇಳುತ್ತಾಳೆ: "ನಿಮಗೇನು ಬರುತ್ತದೆ? ನೀರಿಗೆ ಹೇಳಿ." ಅವರು ಹೇಳಬೇಕು, ನೀರು ಕೇಳಬೇಕು, ಬಿಲ್ಲೆ ಮೂಡಬೇಕು. ಇದಕ್ಕಿಂತ ಸರಳವಾದ ಬಗೆ ಯಾವ ಊರಿನಲ್ಲಿದೆ ಎಂದು ಅವಳಿಗೆ ಅವಳ ಮೇಲೇ ಹೆಮ್ಮೆಯಾಯಿತು.

ಪಾಪ, ಅವಳು ತನ್ನ ಊರಿನ ಜನರನ್ನೇ ಮರೆತಿದ್ದಳು. ಆ ಊರಿನಲ್ಲಿ ತನಗೆ ಬರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತೊಟ್ಟಿಲಿನಿಂದಲೇ ಕಲಿತ ಮರ್ಯಾದೆ ಅದು. ಹಬ್ಬದ ಅಡುಗೆ ಮಾಡಿ ಎಲೆ ತುಂಬ ಬಡಿಸಿದ ಮೇಲೂ "ಏನೂ ಮಾಡಿಲ್ಲ, ಬರೀ ಅನ್ನ ಸಾರು" ಎನ್ನಬೇಕು. ರಾಗದ ಮೇಲೆ ರಾಗ ಹಾಡಿ ಎದ್ದವರು "ಗಂಟಲು ಸರಿಯಿಲ್ಲ" ಎನ್ನಬೇಕು. ಕೇಳಿದವರು "ಅಯ್ಯೋ ಎಲ್ಲಾದರೂ ಉಂಟೇ" ಎಂದು ಎತ್ತಿಹಿಡಿಯಬೇಕು. ಮನುಷ್ಯರಿಗೆ ಈ ಆಟ ಗೊತ್ತು, ನೀರಿಗೆ ಗೊತ್ತಿಲ್ಲ. ನೀರು ಹೇಳಿದ್ದನ್ನು ಹೇಳಿದಂತೆಯೇ ನಂಬುತ್ತದೆ.

ಮೊದಲ ದಿನ ಮೊದಲು ಇಳಿದು ಬಂದವಳು ನೇಯುವವಳು. ಅವಳಿಗೆ ಹಳೆಯ ಬಿಲ್ಲೆ ಒಂದಿತ್ತು, ರೇಷ್ಮೆಯ ಅಂಚಿಗೆ ಇನ್ನೊಂದು ಕೇಳೋಣ ಎಂದು ಬಂದಿದ್ದಳು. ಹರಳು ಹಾಕಿದಳು, ಅಲೆ ತಣಿಯಿತು.

"ಅಯ್ಯೋ, ನನಗೇನು ಬರುತ್ತೆ ತಾಯಿ," ಎಂದಳು. "ಏನೋ ಸುಮ್ನೆ ದಾರ ಎಳೀತೀನಿ."

ನೀರು ಕೇಳಿತು, ಇದ್ದ ಬಿಲ್ಲೆಯನ್ನೂ ಆರಿಸಿಬಿಟ್ಟಿತು.

ಮೆಟ್ಟಿಲ ಮೇಲಿದ್ದವರೆಲ್ಲ ಹೌಹಾರಿದರು. ಆದರೂ ಬಾಯಿ ಕಲಿತ ಮಾತು ಬಿಡುವುದುಂಟೇ? ವೈದ್ಯರು ಬಂದು ಕೂತು, "ನಂದೇನಿದೆ, ಎಲ್ಲ ಮೇಲಿರೋನ ದಯೆ" ಎಂದರು. ಅವರ ಬಿಲ್ಲೆ ಎದೆಯನ್ನು ಬಿಟ್ಟು, ಅವರು ಹೇಳಿದ ವಿಳಾಸಕ್ಕೆ ಸರಿಯಾಗಿ, ನೀರಿನಲ್ಲಿ ಕಾಣುತ್ತಿದ್ದ ಆಕಾಶಕ್ಕೆ ಹೋಗಿ ಅಂಟಿಕೊಂಡಿತು. ಹಾಡುವವಳು ಗಂಟಲು ಸರಿಯಿಲ್ಲ ಎಂದಳು. ಅಡುಗೆಯವನು ಅನ್ನ ಸಾರು ಎಂದ. ಒಬ್ಬೊಬ್ಬರಾಗಿ ಊರಿನ ಉತ್ತಮ ಕೈಗಳೆಲ್ಲ ಬರಿನೆರಳಾಗುತ್ತ ಬಂದವು.

ಅಕ್ಕನ ಸರದಿ ಬಂತು. ಅವಳು ಅಂದು ಒಗೆದ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿದ್ದಳು. ಕೂತಳು, ಹರಳು ಹಾಕಿದಳು. ತಂಗಿ, "ನಿಮಗೇನು ಬರುತ್ತದೆ? ನೀರಿಗೆ ಹೇಳಿ" ಎಂದಳು. ಒಂದೇ ಒಂದು ಸಲ ಹೇಳಿಬಿಡು ಅಕ್ಕ ಎಂದು ಕಣ್ಣಿನಲ್ಲೇ ಬೇಡಿದಳು.

"ಒಲೆ..." ಎಂದಳು ಅಕ್ಕ. ಸುತ್ತ ಕೂತ ಮುಂಬೀದಿಯವರ ಮುಖ ನೋಡಿದಳು. "ಅದೇನ್ ಮಹಾ. ಮಣ್ಣು ಮೆತ್ತೋದು. ಯಾರ್ ಬೇಕಾದ್ರೂ ಮೆತ್ತಬಹುದು."

ನೀರು ಅದನ್ನೂ ನಂಬಿತು. ಮೆಟ್ಟಿಲ ಮೇಲಿದ್ದ ಎಲ್ಲರ ಎದೆಯಲ್ಲೂ ಒಲೆಯ ಬಿಲ್ಲೆ ಒಂದು ಗಳಿಗೆ ಮಿನುಗಿ ಹೋಯಿತು. ಅಕ್ಕನ ಎದೆಯಲ್ಲಿ ಮಾತ್ರ ಮಿನುಗಲಿಲ್ಲ. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿಹೋದಳು.

ಕೊನೆಗೆ ಬಂದವನು ಊರೂರಿನ ಸಂತೆ ಸುತ್ತಿ ಬಂದವನು. ಹೊರಗೇ ಹೆಚ್ಚು ಕಾಲ ಕಳೆದದ್ದರಿಂದ ಅವನ ಬಾಯಿಗೆ ಊರಿನ ಅಭ್ಯಾಸ ಬಿಟ್ಟುಹೋಗಿತ್ತು. ಪೀಠದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಲೆ ತಣಿಯುವುದಕ್ಕೂ ಕಾಯದೆ, "ನನಗೆ ಎಲ್ಲ ಬರುತ್ತದೆ" ಎಂದ. "ನೇಯ್ಗೆ ಬರುತ್ತದೆ, ವೈದ್ಯ ಬರುತ್ತದೆ, ಒಲೆ ಬರುತ್ತದೆ. ಬರದೆ ಇರೋದು ಯಾವುದಾದರೂ ಇದ್ದರೆ ಹೇಳಿ, ಅದೂ ಬರುತ್ತದೆ." ಬಿಲ್ಲೆಗಳು ಬಂದು ಬಂದು ಅಂಟಿಕೊಂಡವು. ಎದೆ ಸಾಲದೆ ತೋಳಿಗೆ, ತೋಳು ಸಾಲದೆ ಕೆನ್ನೆಗೆ. ಅವನ ನೆರಳಿನ ಮುಖವೇ ಕಾಣದಂತಾಯಿತು. ಅಂದಿನಿಂದ ಅವನ ಹೆಸರು ಎಲ್ಲ ಬಲ್ಲವನು ಎಂದಾಯಿತು.

ಕಟ್ಟಳೆ ಎಂದರೆ ಕಟ್ಟಳೆ. ಒಲೆಯ ಬಿಲ್ಲೆ ಅವನೊಬ್ಬನಿಗೇ ಇದ್ದುದರಿಂದ ಯಜಮಾನರು ದೊಡ್ಡ ಒಲೆಯ ವೀಳ್ಯವನ್ನು ಅವನಿಗೇ ಕೊಟ್ಟರು. ಕೊಟ್ಟು, ಕೊಳ ಕಾಯುವವಳ ಕಡೆ ತಿರುಗಿ, "ಚೆನ್ನಾಗಿ ಕಟ್ಟಿದೆಯಮ್ಮ ಬಗೆ" ಎಂದರು. "ಬರೋ ಹುಣ್ಣಿಮೆಗೆ ಇನ್ನೊಂದು ಸಲ ನೋಡ್ತೀವಿ. ಆಗಲೂ ಹೀಗೇ ಆದರೆ ಕೊಳಕ್ಕೆ ಚಪ್ಪಡಿ ಎಳೆಸಿ, ಅಪ್ಪನ ಕೆಲಸ ಮಗನಿಗೆ ಅಂತ ಮಾಡಿ ಕೈತೊಳ್ಕೋತೀವಿ."

ಅಲ್ಲಿಗೆ ಹಿಂಬೀದಿಯವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಕೊಳ ಕಾಯುವವಳಿಗೆ ಅನ್ನ ಇಳಿಯಲಿಲ್ಲ. ಮನೆಮನೆಗೆ ಹೋಗಿ, "ನನಗೆ ಬರುತ್ತದೆ ಅಂತ ಒಂದು ಸಲ ಅನ್ನಿ, ಅಷ್ಟು ಸಾಕು" ಎಂದು ಬಾಯಿಪಾಠ ಮಾಡಿಸಲು ನೋಡಿದಳು. ನೇಯುವವಳು "ನನಗೆ ಬ... ಬ..." ಎಂದು ಕೆಂಪಗಾಗಿ ಕೊಟ್ಟಿಗೆಗೆ ಓಡಿಹೋದಳು. ಕುಂಬಾರ ಬೆವರು ಒರೆಸಿಕೊಳ್ಳುತ್ತ, "ತಾಯಿ, ಬೇಕಾದರೆ ಬೆತ್ತಲೆ ನಿಲ್ತೀನಿ, ಅದೊಂದು ಮಾತು ಮಾತ್ರ ಆಡಿಸಬೇಡಿ" ಎಂದ. ಅಂಥ ಊರು.

ಒಂದು ಮಧ್ಯಾಹ್ನ ಸೋತು ಸುಣ್ಣವಾಗಿ ಅಕ್ಕನ ಮನೆಗೆ ಹೋದಳು. ಅಕ್ಕ ಎಂದಿನಂತೆ ಮಣೆ ಹಾಕಿ ಮುದ್ದೆ ಬಡಿಸಿದಳು. ಕೊಳದ ಮಾತು ಇಬ್ಬರೂ ಎತ್ತಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ತಂಗಿ, "ಪಕ್ಕದ ಮನೆಯವರ ಒಲೆ ಯಾಕಕ್ಕ ಅಷ್ಟು ಹೊಗೆಯಾಡ್ತಿದೆ?" ಎಂದಳು.

"ಅದನ್ನ ನಾನೇ ಹಾಳು ಮಾಡಿದ್ದು ಕಣೇ," ಎಂದಳು ಅಕ್ಕ. ಅವಳ ದನಿಯಲ್ಲಿ ಒಂದು ಹುರುಪು ಬಂತು. "ಬಿಸಿಲು ಇರೋವಾಗಲೇ ಒಣಗಲಿ ಅಂತ ಆತುರಪಟ್ಟೆ, ಒಳಗೆ ಹಸಿ ಉಳೀತು. ಇದೇನು ಬಿಡು, ಹೋದ ಸಲ ತಿರುವಿನ ಮನೆಯಲ್ಲಿ ಮಾಡಿದ್ದು ಕೇಳು. ಒಲೆ ಬಾಯಿನ ಪಡುವಲಕ್ಕೆ ಇಟ್ಟುಬಿಟ್ಟಿದ್ದೆ. ಬೆಂಕಿ ಹಚ್ಚಿದರೆ ಹೊಗೆಯೆಲ್ಲ ಮನೆಯೊಳಗೇ! ಅವರ ಮನೆಗೆ ಬಂದ ನೆಂಟರು, ಎಲ್ಲರ ಕಣ್ಣಲ್ಲೂ ನೀರು ನೋಡಿ, ಯಾರು ಹೋದರು ಅಂತ ತಾವೂ ಅಳೋಕೆ ಶುರುಮಾಡಿದರಂತೆ."

"ಆಮೇಲೆ ಏನ್ ಮಾಡ್ದೆ?"

"ಏನ್ ಮಾಡೋದು, ಒಡೆದೆ. ನೆಲಕ್ಕೆ ಕೆನ್ನೆ ಇಟ್ಟು ಮಲಗಿ, ಒಂದು ಹಿಡಿ ಹುಲ್ಲು ಹಚ್ಚಿ, ಗಾಳಿ ಎಲ್ಲಿಂದ ಬರುತ್ತೆ ಅಂತ ನೋಡ್ದೆ. ಬಾಗಿಲ ಸಂದಿಯಿಂದ ಬರ್ತಿತ್ತು. ಬಾಯಿನ ಹೀಗೆ ತಿರುಗಿಸ್ದೆ, ಹಿಂದಿನ ಕಂಡಿನ ಹೀಗೆ ಕಿರಿದು ಮಾಡ್ದೆ, ಹುತ್ತದ ಮಣ್ಣಿಗೆ ಹೊಟ್ಟು ಕಲಸಿ ಹೀಗೆ ಸವರ್ದೆ..."

ಹೀಗೆ, ಹೀಗೆ ಎನ್ನುವಾಗ ಅಕ್ಕನ ಕೈಗಳು ಗಾಳಿಯಲ್ಲಿ ಒಲೆಯನ್ನು ಸವರುತ್ತಿದ್ದವು. ಪಕ್ಕದಲ್ಲಿ ಕೊಳದಿಂದ ತಂದ ನೀರು ತುಂಬಿದ ಅಗಲ ಬಾಯಿಯ ಹಂಡೆ ಇತ್ತು. ತಂಗಿಯ ಕಣ್ಣು ಅದರ ಮೇಲೆ ಬಿತ್ತು. ನೀರೊಳಗಿನ ಅಕ್ಕನ ಕೈಗಳು ಖಾಲಿ ಇರಲಿಲ್ಲ. ಮೊಣಕೈವರೆಗೆ ಕೆಸರು, ಬೆರಳಿನಡಿಯಲ್ಲಿ ಹಸಿ ಒಲೆ. ಎದೆಯ ನಡುವೆ ಕಿಡಿಯಷ್ಟು ಬೆಳಕು ಹೊತ್ತಿಕೊಳ್ಳುತ್ತಿತ್ತು.

"ಏನೇ ಹಾಗೆ ನೋಡ್ತೀಯ? ಉಣ್ಣು," ಎಂದಳು ಅಕ್ಕ. "ಅದೇ ಹೇಳೋದು, ನನಗೇನು ಬರುತ್ತೆ."

ಬೆಳಕು ಆರಿತು. ಆದರೆ ತಂಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎಂಜಲು ಕೈಯಲ್ಲೇ ಅಕ್ಕನನ್ನು ತಬ್ಬಿಕೊಂಡಳು. ಈ ಊರಿನಲ್ಲಿ ತನಗೆ ಬರುವುದನ್ನು ಹೇಳುವವರು ಒಬ್ಬರೂ ಇಲ್ಲ, ತಾನು ಕೆಡಿಸಿದ್ದನ್ನು ಹೇಳದವರು ಒಬ್ಬರೂ ಇಲ್ಲ! ಕೇಳಬಾರದ್ದನ್ನು ಕೇಳಿ ಊರಿನ ಬಾಯಿ ಕಟ್ಟಿಸಿದ್ದು ತಾನು. ಅವಳಿಗೆ ನಗು ಬಂತು, ಅಳುವೂ ಬಂತು. ಅಕ್ಕ ಬೆನ್ನಿಗಂಟಿದ ಸಾರನ್ನು ಒರೆಸಿಕೊಳ್ಳುತ್ತ ಬೈದಳು.

ಹುಣ್ಣಿಮೆಯ ಬೆಳಗ್ಗೆ ಕೊಳದಲ್ಲಿ ಎಲ್ಲ ಹಿಂದಿನಂತೆಯೇ ಇತ್ತು. ಅದೇ ಮೆಟ್ಟಿಲು, ಅದೇ ಪೀಠ, ಅದೇ ಹರಳು. ಪ್ರಶ್ನೆ ಮಾತ್ರ ಬೇರೆ. ನೇಯುವವಳು ಹೆದರುತ್ತ ಬಂದು ಕೂತಳು. ಅಲೆ ತಣಿಯಿತು. ಕೊಳ ಕಾಯುವವಳು ಕೇಳಿದಳು: "ನಿಮ್ಮ ಕೈಯಲ್ಲಿ ಏನು ಕೆಟ್ಟಿತು? ಆಮೇಲೆ ಏನು ಮಾಡಿದಿರಿ?"

ದೊಡ್ಡ ಯಜಮಾನರು ಎದ್ದು ನಿಂತರು. "ಏನಮ್ಮ ಇದು, ಕೆಡಿಸಿದವರಿಗೆ ಬಿಲ್ಲೆಯೇ?"

"ಕೆಡಿಸಿದವರಿಗಲ್ಲ ಯಜಮಾನರೇ," ಎಂದಳು ಅವಳು. "ಕೆಟ್ಟದ್ದನ್ನ ಬಿಟ್ಟು ಓಡಿಹೋಗದವರಿಗೆ. ಸ್ವಲ್ಪ ಕೂತ್ಕೊಳ್ಳಿ."

ಯಜಮಾನರು ಕೂರುವುದರೊಳಗೆ ನೇಯುವವಳು ಶುರುಮಾಡಿಯಾಗಿತ್ತು. ಕೆಡಿಸಿದ್ದನ್ನು ಹೇಳು ಎಂದರೆ ಆ ಊರಿನವರಿಗೆ ಹಬ್ಬ. ಮದುವೆಯ ಸೀರೆಯ ಅಂಚಿನಲ್ಲಿ ಹಂಸಗಳನ್ನು ನೇಯಲು ಹೋಗಿ ಅವು ಕೋಳಿಗಳಾದದ್ದು, ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯ್ದದ್ದು, ಕೊರಳು ಬಾಗಿಸಲು ಒಂದು ಎಳೆ ಬಿಟ್ಟು ಒಂದು ಎಳೆ ಎತ್ತಬೇಕೆಂದು ಕಂಡುಕೊಂಡದ್ದು. ಅವಳ ಬೆರಳುಗಳು ತಾವಾಗಿಯೇ ಆಡತೊಡಗಿದವು. ನೀರೊಳಗೆ ಆ ಬೆರಳುಗಳ ತುಂಬ ರೇಷ್ಮೆ. ಮಾತು ಮುಗಿಯುವಾಗ ಎದೆಯ ಮೇಲೆ ಹಳೆಯ ಬಿಲ್ಲೆಯೂ ಇತ್ತು, ಪಕ್ಕದಲ್ಲಿ ಹೊಸದೊಂದೂ ಇತ್ತು.

ಆಮೇಲೆ ತಡೆಯುವವರಾರು! ವೈದ್ಯರು ತಾವು ಕೊಟ್ಟ ಕಷಾಯದಿಂದ ಜ್ವರ ಏರಿದ ಕಥೆ ಹೇಳಿ, ರೋಗಿಯ ಹಾಸಿಗೆ ಬಿಡದೆ ಕೂತು ಅದನ್ನು ಇಳಿಸಿದ ಬಗೆ ಹೇಳಿದರು. ಆಕಾಶದಲ್ಲಿ ಅಂಟಿಕೊಂಡಿದ್ದ ಬಿಲ್ಲೆ ನೀರಿನುದ್ದಕ್ಕೂ ಜಾರಿಬಂದು ಅವರ ಎದೆ ಸೇರಿತು. ಹಾಡುವವಳಿಗೆ ಹಾಡಿಕೆಯದು ಬಂತು, ಕುಂಬಾರನಿಗೆ ಮಡಕೆಯದು ಬಂತು. ಊರು ನಿಟ್ಟುಸಿರು ಬಿಟ್ಟಿತು. ಹಿಂಬೀದಿಯವರು ಸಾಲುಗಟ್ಟಿ ಇಳಿದು ಬಂದರು. ಹಗ್ಗ ಹೊಸೆಯುವವರು, ಬಾವಿಯ ಹೂಳೆತ್ತುವವರು, ಹಸುವಿನ ಹೆರಿಗೆ ಮಾಡಿಸುವವರು. ಯಾರ ಕಣ್ಣಿಗೂ ಬೀಳದ ಕೈಗಳೆಲ್ಲ ನೀರಿನಲ್ಲಿ ಆಡಿದವು.

ಒಬ್ಬನು ತನ್ನ ನೆರೆಮನೆಯವನ ಎಡವಟ್ಟನ್ನು ತನ್ನದೆಂದು ಹೇಳಲು ನೋಡಿದ. ಅವನ ಬಾಯಿ ಆಡುತ್ತಿತ್ತು, ನೀರೊಳಗಿನ ಕೈಗಳು ಮಡಿಲಲ್ಲೇ ಬಿದ್ದಿದ್ದವು, ಬಿಲ್ಲೆ ಮೂಡಲಿಲ್ಲ. ಇನ್ನೊಬ್ಬಳು ಚಾಪೆ ಹೆಣೆಯುವಾಗ ಮೂಲೆ ಸೊಟ್ಟಗಾದದ್ದನ್ನು ಹೇಳಿ ನಿಲ್ಲಿಸಿದಳು. "ಆಮೇಲೆ?" "ಆಮೇಲೆ ಅಟ್ಟಕ್ಕೆ ಎಸೆದೆ." ಕೊಳ ಕಾಯುವವಳು ಅವಳ ಬೆನ್ನು ಸವರಿ, "ಇಲ್ಲ ಅಂತಲ್ಲ, ಇನ್ನೂ ಇಲ್ಲ. ಅಟ್ಟದಿಂದ ಇಳಿಸಿ, ಮೂಲೆ ನೆಟ್ಟಗೆ ಮಾಡಿ, ಮತ್ತೆ ಬನ್ನಿ" ಎಂದಳು. ಹಾಗೆ ಹಿಂದೆ ಹೋದವರಿಗೆ ಅವಮಾನವಾಗಲಿಲ್ಲ, ಮನೆಗೆ ಹೋಗಿ ಮಾಡಲು ಕೆಲಸ ಸಿಕ್ಕಿತು.

ಎಲ್ಲ ಬಲ್ಲವನೂ ಬಂದ. ಇದ್ದ ಬಿಲ್ಲೆಗಳನ್ನು ಮತ್ತೊಮ್ಮೆ ತೋರಿಸಿಹೋಗೋಣ ಎಂದು ಬಂದಿದ್ದ. ಪ್ರಶ್ನೆ ಕೇಳಿ ನಕ್ಕ. "ನನ್ನ ಕೈಯಲ್ಲಿ ಕೆಟ್ಟದ್ದೇ? ಯಾವುದೂ ಕೆಟ್ಟಿಲ್ಲ." ಕೆನ್ನೆಯ ಮೇಲಿನ ಬಿಲ್ಲೆ ಕಳಚಿತು. "ನಿಜವಾಗಿ ಕೆಟ್ಟಿಲ್ಲ." ತೋಳಿನವು ಉದುರಿದವು. ನೀರಿನಲ್ಲಿ ಮೊದಲ ಸಲ ಅವನ ಮುಖ ಕಂಡಿತು, ಹೆದರಿದ ಮುಖ. ಜನ ನಗಲು ಬಾಯಿ ತೆರೆದರು. ಕೊಳ ಕಾಯುವವಳು ಕೋಲೆತ್ತಿ ಸುಮ್ಮನಾಗಿಸಿದಳು.

"ಒಂದಾದರೂ ಇರುತ್ತದಪ್ಪ, ಯೋಚಿಸಿ ಹೇಳಿ," ಎಂದಳು.

ಅವನು ಕಾಲು ಮಡಿಸಿ ನೆಟ್ಟಗೆ ಕೂತ. ಆಮೇಲೆ ಮೆಲ್ಲಗೆ ಹೇಳಿದ: "ಒಂದು ಸಂತೆಯಲ್ಲಿ ಸಕ್ಕರೆ ಸಕ್ಕರೆ ಅಂತ ಕೂಗಿ ಇಡೀ ಸಂತೆಯನ್ನೇ ಕರೆದೆ. ಚೀಲದಲ್ಲಿ ಇದ್ದದ್ದು ಉಪ್ಪು. ಬಾಯಿಗೆ ಹಾಕಿಕೊಂಡವರೆಲ್ಲ ನನ್ನ ಮುಖಕ್ಕೇ ಉಗಿದರು. ಅಂದಿನಿಂದ ಚೀಲಕ್ಕೆ ಬೆರಳಿಟ್ಟು ನೆಕ್ಕದೆ ಯಾವ ಸರಕನ್ನೂ ಕೂಗಿಲ್ಲ." ಅವನ ಬೆರಳು ತಾನಾಗಿಯೇ ನಾಲಿಗೆಗೆ ಹೋಯಿತು, ಕೈ ಕೂಗಲು ಹೊರಟಂತೆ ಬಾಯಿಯ ಪಕ್ಕಕ್ಕೆ ಬಂದು ನಿಂತಿತು. ಎದೆಯ ಮೇಲೆ ಕೂಗಿ ಸಾರುವವನ ಬಿಲ್ಲೆ, ಒಂದೇ ಒಂದು, ಮೂಡಿತು. ಅವನು ಅದನ್ನು ನೋಡಿ ನೋಡಿ ಅತ್ತ. ದೊಡ್ಡ ಒಲೆಯ ವೀಳ್ಯವನ್ನು ಮಡಿಲಿನಿಂದ ತೆಗೆದು ಯಜಮಾನರ ಮುಂದಿಟ್ಟ.

ವೀಳ್ಯ ಅಲ್ಲೇ ಇತ್ತು, ಎತ್ತಿಕೊಳ್ಳುವವರಿಲ್ಲ. ಹೊತ್ತು ಇಳಿಯುತ್ತ ಬಂತು. ಮೂಡಣದಲ್ಲಿ ಮೋಡ ಕಪ್ಪಗಾಗುತ್ತಿತ್ತು. ಕೊಳ ಕಾಯುವವಳ ಕಣ್ಣು ಮತ್ತೆ ಮತ್ತೆ ಮೆಟ್ಟಿಲಿನ ತುದಿಗೆ ಹೋಗುತ್ತಿತ್ತು. ತಮ್ಮ ಕಾಲಿನಲ್ಲೇ ಬರಬೇಕು ಎಂದು ಕಟ್ಟಳೆ ಮಾಡಿದವಳು ಅವಳೇ, ಹೋಗಿ ಕರೆಯುವಂತಿರಲಿಲ್ಲ. ಊರಿನವರಿಗೆಲ್ಲ ಸಿಕ್ಕಿದ್ದು ತನ್ನನ್ನು ಸಾಕಿದವಳಿಗೆ ಸಿಗದೆ ಹೋಗುತ್ತದೆಯೇ ಎಂದು ಅವಳು ಕೋಲನ್ನು ಕಲ್ಲಿಗೆ ಕುಟ್ಟುತ್ತ ನಿಂತಳು.

ಆಗ ಅಕ್ಕ ಬಂದಳು. ಒಗೆದ ಸೀರೆಯಲ್ಲ, ಮೈಮೇಲಿದ್ದ ಹಳೆಯ ಸೀರೆ. ಬಿಲ್ಲೆ ಕೇಳಲು ಬಂದವಳಂತೆ ಇರಲಿಲ್ಲ, ಜಗಳಕ್ಕೆ ಬಂದವಳಂತಿದ್ದಳು. ಕೈಯಲ್ಲಿ ಒಂದು ಹಿಡಿ ಕಪ್ಪು ಮಣ್ಣು.

"ಚಾವಡಿ ಹಿಂದೆ ಈ ಮಣ್ಣು ಸುರಿದೋರು ಯಾರು?" ಎಂದಳು. "ಎರೆಮಣ್ಣು! ಒಣಗಿದ ಮಾರನೇ ದಿನಕ್ಕೇ ಬಿರಿಯುತ್ತೆ. ಇದರಲ್ಲಿ ದೊಡ್ಡ ಒಲೆ ಹಾಕಿದ್ರೆ ಊರಿಗೆ ಊರೇ ಕೆಮ್ಮುತ್ತಾ ಕೂರುತ್ತೆ, ಗೊತ್ತಾ?"

ಎಲ್ಲ ಬಲ್ಲವನು ತಲೆ ತಗ್ಗಿಸಿ, "ನಾನೇ ತಾಯಿ" ಎಂದ.

"ಬಿರಿಯುತ್ತೆ ಅಂತ ನಿಮಗೆ ಹೇಗೆ ಗೊತ್ತು?" ಎಂದಳು ಕೊಳ ಕಾಯುವವಳು. ಅಲ್ಲಿ ಅವಳು ತಂಗಿಯಲ್ಲ, ಯಾರನ್ನೂ ನೀನು ಎನ್ನುವಂತಿಲ್ಲ. "ಕೂತ್ಕೊಂಡು ನೀರಿಗೆ ಹೇಳಿ. ನಿಮ್ಮ ಕೈಯಲ್ಲಿ ಏನು ಕೆಟ್ಟಿತು? ಆಮೇಲೆ ಏನು ಮಾಡಿದಿರಿ?"

ಸಿಟ್ಟಿನ ಭರದಲ್ಲಿ ಅಕ್ಕ ಕೂತೇಬಿಟ್ಟಳು. "ಹೇಗೆ ಗೊತ್ತು ಅಂದ್ರೆ, ನಾನೇ ಹಾಳು ಮಾಡಿದೀನಿ. ಮೂಲೆಮನೆಯ ಒಲೆ ಎರೆಮಣ್ಣಲ್ಲಿ ಹಾಕಿ, ಸಾರಿನ ಗಡಿಗೆ ಸಮೇತ ಕುಸಿದುಬಿತ್ತು. ಆಮೇಲೆ ಹುತ್ತದ ಮಣ್ಣಿಗೆ ಹೊಟ್ಟು ಸೇರಿಸಿ, ಕಾಲಲ್ಲಿ ತುಳಿದು, ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಬೆರಳಿಟ್ಟರೆ ಇಳೀಬೇಕು, ಆ ಹದ ಬರೋವರೆಗೂ..."

"ಮೂಲೆಮನೆ ನಮ್ಮದು!" ಎಂದಳು ಮೇಲಿನ ಮೆಟ್ಟಿಲಿನಿಂದ ಒಬ್ಬ ಮುಂಬೀದಿಯ ಗೃಹಿಣಿ. "ಆ ಒಲೆ ಮುದುಕಪ್ಪ ಹಾಕಿದ್ದಲ್ವಾ?"

ಅಕ್ಕನಿಗೆ ಅದು ಕೇಳಿಸಲೇ ಇಲ್ಲ. ಅವಳು ಇನ್ನೊಂದು ಒಲೆಗೆ ಹೋಗಿದ್ದಳು. ಬಾವಿಕಟ್ಟೆಯ ಪಕ್ಕದ ಮನೆಯಲ್ಲಿ ತೇವ ಏರಿದ್ದು, ತಳಕ್ಕೆ ಇದ್ದಿಲು ಹಾಸಿದ್ದು. ಜೋಡಿಬಾಗಿಲ ಮನೆಯಲ್ಲಿ ಪಕ್ಕದ ಕೋಡೊಲೆಗೆ ಉರಿಯೇ ಹೋಗದಿದ್ದದ್ದು, ಒಳದಾರಿಯನ್ನು ಮೇಲಕ್ಕೆ ಓರೆ ಮಾಡಿದ್ದು. "ಅದು ನಮ್ಮನೇದು!" "ಅಯ್ಯೋ, ಅದು ನಮ್ಮತ್ತೆ ಕಾಲದ ಒಲೆ!" "ನಾನು ಮದುವೆಯಾಗಿ ಬಂದು ಮೊದಲು ಹಾಲು ಉಕ್ಕಿಸಿದ ಒಲೆ!" ಒಬ್ಬೊಬ್ಬರಾಗಿ ಮುಂಬೀದಿಯ ಹೆಂಗಸರು ಎದ್ದು ನಿಂತರು. ಇಷ್ಟು ಕಾಲ ಯಾರ ಬೆಂಕಿಯಲ್ಲಿ ಅನ್ನ ಬೇಯಿಸಿಕೊಂಡು ಉಂಡೆವು ಎಂದು ಊರಿಗೆ ಅಂದು ತಿಳಿಯಿತು.

ನೀರೊಳಗೆ ಅಕ್ಕನ ಕೈಗಳು ಆಡುತ್ತಲೇ ಇದ್ದವು. ಒಲೆಯ ಹಿಂದೆ ಒಲೆ, ಒಲೆಯ ಹಿಂದೆ ಒಲೆ, ಎಲ್ಲದರಲ್ಲೂ ಉರಿ. ಎದೆಯ ಮೇಲಿನ ಕಿಡಿ ಕಾಸಿನಷ್ಟಾಯಿತು, ರೊಟ್ಟಿಯಷ್ಟಾಯಿತು, ಊಟದ ತಟ್ಟೆಯಷ್ಟಾಯಿತು. ಮೆಟ್ಟಿಲುಗಳ ಮೇಲೆ, ಜನರ ಮುಖಗಳ ಮೇಲೆ ಅದರ ಬೆಳಕು ಬಿತ್ತು. ಅಷ್ಟು ದೊಡ್ಡ ಬಿಲ್ಲೆಯನ್ನು ಆ ಕೊಳ ಎಂದೂ ತೋರಿಸಿರಲಿಲ್ಲ. ಕೊಳ ಕಾಯುವವಳು ಕೋಲು ಕೆಳಗಿಟ್ಟು, ಎಲ್ಲರೆದುರಿಗೆ, ನಾಚಿಕೆಯಿಲ್ಲದೆ ಅತ್ತಳು.

ದೊಡ್ಡ ಯಜಮಾನರು ತಾವೇ ಮೆಟ್ಟಿಲಿಳಿದು ಬಂದು ವೀಳ್ಯವನ್ನು ಅಕ್ಕನ ಮಡಿಲಿಗೆ ಹಾಕಿದರು. ಚಪ್ಪಡಿ ಎಳೆಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಯಜಮಾನರು ಮೇಲೆ ಹತ್ತುವಾಗ, ಚಾವಡಿಯಲ್ಲಿ ತಾವು ಕೆಡಿಸಿದ ತೀರ್ಪುಗಳನ್ನು ಪಕ್ಕದವರಿಗೆ ಹೇಳಿಕೊಳ್ಳುತ್ತ ಹೋದರಂತೆ.

ಮಳೆಗೆ ಮುಂಚೆ ದೊಡ್ಡ ಒಲೆ ಆಯಿತು. ಎಲ್ಲ ಬಲ್ಲವನೇ ಬೀದಿಬೀದಿಯಲ್ಲಿ ಕೂಗಿ ಜನರನ್ನು ಕರೆದ. ಕರೆಯುವ ಮುನ್ನ ಒಲೆಯ ಮಣ್ಣನ್ನು ಬೆರಳಿನಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು ನೋಡಿದ್ದ. ಮುಂಬೀದಿ ಹಿಂಬೀದಿ ಎನ್ನದೆ ಊರೆಲ್ಲ ಕೆಂಡದ ಬೋಗುಣಿ ಹಿಡಿದು ಚಾವಡಿಯ ಹಿಂದೆ ನೆರೆಯಿತು. ಅಕ್ಕ ಮೊಣಕಾಲೂರಿ ಬೆಂಕಿ ಹಚ್ಚಿದಳು. ಉರಿ ಒಮ್ಮೆ ಹಿಂದೆ ಮುಂದೆ ನೋಡಿತು, ಆಮೇಲೆ ದಾರಿ ಹಿಡಿಯಿತು. ಒಂದು ಎಳೆ ಹೊಗೆಯೂ ಜನರತ್ತ ಬರಲಿಲ್ಲ. ಎಲ್ಲ ನೆಟ್ಟಗೆ ಮಾಡಿನ ಕಿಂಡಿಯಿಂದ ಮೇಲೆ ಹೋಯಿತು.

ಊರಿಗೆ ಅಂದೇ ಸೊಸೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಮುಂದೆ ನಿಂತಿದ್ದಳು. ಅವಳಿಗೆ ಕೊಳದ ಸುದ್ದಿ ಏನೂ ಗೊತ್ತಿಲ್ಲ. "ಎಷ್ಟು ಚೆನ್ನಾಗಿ ಉರೀತಿದೆ!" ಎಂದಳು. "ಇದನ್ನ ಯಾರು ಹಾಕಿದ್ದು?"

ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕನ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಅಯ್ಯೋ, ಅದೇನ್..." ಎಂದಳು. ತಂಗಿ ಕಣ್ಣು ಮುಚ್ಚಿಕೊಂಡಳು. ಅಲ್ಲಿ ಕೊಳ ಇರಲಿಲ್ಲ, ಒಂದು ತಂಬಿಗೆ ನೀರೂ ಇರಲಿಲ್ಲ, ಏನು ಹೇಳಿದರೂ ಏನೂ ಆರುತ್ತಿರಲಿಲ್ಲ, ಏನೂ ಹೊತ್ತುತ್ತಿರಲಿಲ್ಲ. ಅಕ್ಕ ಮಾತು ನಿಲ್ಲಿಸಿ ಬೆಂಕಿಯನ್ನು ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಸೊಂಟ ನೆಟ್ಟಗೆ ಮಾಡಿ ನಿಂತಳು.

"ನಾನು," ಎಂದಳು. "ನಾನೇ ಹಾಕಿದ್ದು ಕಣಮ್ಮ. ಚೆನ್ನಾಗಿ ಹಾಕಿದೀನಿ."